ದೀಪ ನಿಲ್ಲದ ಹಗೇವು

ಪ್ರಳಯಜಲದಲ್ಲಿ ಮುಳುಗಿದ್ದ ಭೂದೇವಿಯನ್ನು ಕೋರೆದಾಡೆಯ ಮೇಲೆ ಹೂವಿನಂತೆ ಎತ್ತಿ ತಂದು, ಜೀವರಾಶಿಗೆಲ್ಲ ನಿಲ್ಲಲು ನೆಲವಿತ್ತ ಆದಿವರಾಹನಿಗೆ ನಮಸ್ಕಾರ. ಆತನ ಕಣ್ಣಿಗೆ ಪಾತಾಳವೂ ಅಂಗಳವೇ. ನಮ್ಮ ಕಣ್ಣಿಗೋ ಅಂಗಳದ ಅಡಿಯೂ ಪಾತಾಳವೇ. ಕಾಣದ್ದನ್ನು ಕಂಡೆವೆಂದು ಬಗೆಯದ ಬುದ್ಧಿಯನ್ನೂ, ಕೇಳಬೇಕಾದವರನ್ನು ಕೇಳುವ ವಿನಯವನ್ನೂ ಆತನು ಹೇಳುವವನಿಗೂ ಕೇಳುವವರಿಗೂ ಕರುಣಿಸಲಿ.

ಸುಚೇತಾ ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದುದು ಕಂಬವನ್ನು. ದೇವರ ಸರದಿ ಆಮೇಲೆ. ಸಂಗೊಳ್ಳಿಯಲ್ಲಿ ಹೊಳೆಯ ಕಡೆಗೆ ಇಳಿಯುವ ಓಣಿಯ ತುದಿಗೆ ಅವರು ಕೊಂಡಿದ್ದ ಆ ಹಳೆಯ ಮಾಳಿಗೆ ಮನೆಯ ಪಡಸಾಲೆಯನ್ನು ಸಾಗುವಾನಿಯ ಕಂಬಗಳು ಹೊತ್ತಿದ್ದವು. ಅವುಗಳಲ್ಲಿ ದೇವರ ಮನೆಯ ಬಾಗಿಲಿಗೆ ಸಮೀಪದ ಕಂಬವು ಶಿವರಾತ್ರಿಯ ಹೊತ್ತಿನಿಂದ ಒಳ ಅಂಗಳದ ಕಡೆಗೆ ವಾಲತೊಡಗಿತ್ತು. ಬರಿಗಣ್ಣಿಗೆ ತಿಳಿಯುವಂಥ ವಾಲಿಕೆಯಲ್ಲ. ಆದರೆ ಕಂಬದ ನೆತ್ತಿಯಿಂದ ಅವಳು ಇಳಿಬಿಟ್ಟಿದ್ದ ನೂಲು, ಅದರ ತುದಿಗೆ ಕಟ್ಟಿದ್ದ ಅರಿಶಿನದ ಕೊಂಬು, ಸುಳ್ಳು ಹೇಳುತ್ತಿರಲಿಲ್ಲ. ಮೊದಮೊದಲು ಕಂಬದ ಬುಡಗಲ್ಲನ್ನು ಸವರುತ್ತಿದ್ದ ಕೊಂಬು ಈಗ ಅದರಿಂದ ಬೆರಳು ತೂರುವಷ್ಟು ದೂರ ಸರಿದು ತೂಗುತ್ತಿತ್ತು. ಅವಳು ಪ್ರತಿದಿನವೂ ಆ ಸಂದಿನಲ್ಲಿ ಬೆರಳಿಟ್ಟು ನೋಡುತ್ತಿದ್ದಳು. ನೋಡಿದ ಮೇಲೆ ಯಾರಿಗೂ ಏನೂ ಹೇಳದೆ ಒಲೆ ಹೊತ್ತಿಸುತ್ತಿದ್ದಳು.

ಹೇಳಲಾರದುದಕ್ಕೆ ಕಾರಣವಿತ್ತು. ಅವಳ ಗಂಡ ಮುಕುಂದನ ಅಜ್ಜ ರಾಮದುರ್ಗವನ್ನು ಬಿಟ್ಟು ಸಮುದ್ರ ದಾಟಿ, ಆಫ್ರಿಕದ ದಾರೆಸ್ಸಲಾಮಿನ ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಮುಕುಂದ ಅಲ್ಲಿಯೇ ಹುಟ್ಟಿ, ಅಲ್ಲಿಯೇ ಕನ್ನಡಕದ ಅಂಗಡಿ ಇಟ್ಟು, ತಲೆ ನರೆಯುವವರೆಗೆ ಅನ್ಯರ ಕಣ್ಣು ಪರೀಕ್ಷಿಸುತ್ತ ಬಾಳಿದವನು. ಊಟಕ್ಕೆ ಕುಳಿತಾಗಲೆಲ್ಲ ಅಜ್ಜ ಹೇಳುತ್ತಿದ್ದ ಮಣ್ಣಿನ ಮಾಳಿಗೆ, ಬೆಳಕಿಂಡಿಯಿಂದ ಇಳಿಯುವ ಬಿಸಿಲಿನ ಕೋಲು, ಕಟ್ಟೆಯ ಮೇಲಿನ ಬೇವಿನ ನೆರಳು, ಇವು ಅವನ ಎದೆಯಲ್ಲಿ ಕಾಣದ ಊರೊಂದನ್ನು ಕಟ್ಟಿದ್ದವು. ಕೊನೆಗೆ ಅಂಗಡಿಯನ್ನು ಪರಭಾರೆ ಮಾಡಿ, ತಾಯಿ ಕಮಲಾಬಾಯಿಯನ್ನೂ ಹೆಂಡತಿಯನ್ನೂ ಕರೆದುಕೊಂಡು ಬಂದು ಈ ಮನೆಯನ್ನು ಕೊಂಡ. ಬೈಲಹೊಂಗಲದ ನೋಂದಣಿ ಕಚೇರಿಯಲ್ಲಿ ಅವನ ಪಾಸ್‌ಪೋರ್ಟನ್ನೂ ಮುಖವನ್ನೂ ಮೂರು ಸಲ ನೋಡಿದ ಗುಮಾಸ್ತ ನಕ್ಕಿದ್ದ: “ಕಾಯಿದೆ ಪ್ರಕಾರ ನೀವು ಪರದೇಶದವರ್ರಿ ಸಾಹೇಬ್ರ. ಮಾತ ಕೇಳಿದ್ರ ನಮ್ಮ ಮುತ್ತ್ಯಾ ಎದ್ದ ಬಂದಂಗ ಆಗತೈತಿ.” ಮುಕುಂದನಿಗೆ ಅದು ಹೊಗಳಿಕೆಯಾಗಿ ಕೇಳಿಸಿತು. ಸುಚೇತಾಳಿಗೆ ಮಾತ್ರ ಮೊದಲ ವಾಕ್ಯವೇ ಕಿವಿಯಲ್ಲಿ ಉಳಿಯಿತು. ಹುಟ್ಟಿದ ನಾಡಿನಲ್ಲಿ ಈಗ ಅವನಿಗೆ ಬಾಗಿಲಿಲ್ಲ. ಈ ನಾಡಿನಲ್ಲಿ ಇರುವುದು ಇದೊಂದೇ ಬಾಗಿಲು. ಈ ಮನೆ ನಿಲ್ಲದಿದ್ದರೆ ಅವನು ಎಲ್ಲಿಯವನು?

ತಾಯಿಯ ಮಾತು ಇನ್ನೂ ಕಠಿಣವಾಗಿತ್ತು. ಕಮಲಾಬಾಯಿ ತಮ್ಮ ಸಾಲಿಗ್ರಾಮದ ಸಂಪುಟವನ್ನು ಇನ್ನೂ ದೇವರ ಮನೆಯಲ್ಲಿ ಇರಿಸಿರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಮಣೆ ಹಾಕಿ ಅಲ್ಲಿಯೇ ಪೂಜೆ ನಡೆಯುತ್ತಿತ್ತು. “ದೇವರು ಇನ್ನೂ ಬಿಡಾರದಾಗ ಇದ್ದಾನ,” ಎನ್ನುತ್ತಿದ್ದರು ಆಕೆ. “ವಾಸ್ತುಶಾಂತಿ ಆಗಲಿ, ಒಂದೂ ಅಪಶಕುನ ಆಗಬಾರದು. ಅಂದ್ರ ಒಳಗ ಕೂಡಸ್ತೀನಿ. ಇಲ್ಲಾಂದ್ರ ಪೆಟಿಗಿ ಎತ್ತಿಕೊಂಡು ಹೊಂಟೆ ಅಂತ ತಿಳೀರಿ.”

ಮನೆಯನ್ನು ಸರಿಪಡಿಸುವ ಕೆಲಸ ಮಾಗಿಯಿಂದಲೇ ನಡೆದಿತ್ತು. ನಡುವೆ ಯಾರೋ ಬಳಿದಿದ್ದ ಸಿಮೆಂಟನ್ನು ಕೆತ್ತಿ ತೆಗೆದು ಗೋಡೆಗೆ ಮತ್ತೆ ಮಣ್ಣಿನ ಗಿಲಾವು ಮಾಡಿದರು. ಹುಳ ತಿಂದ ಜಂತೆಗಳ ಜಾಗಕ್ಕೆ ಕಿತ್ತೂರಿನ ಬಡಿಗರಿಂದ ಹೊಸವು ಬಂದವು. ಮುಂಬಾಗಿಲಿನ ಹಿತ್ತಾಳೆಯ ಗುಬ್ಬಿಮೊಳೆಗಳಿಗೆ ಜೋಡಿ ಹುಡುಕುತ್ತ ಮುಕುಂದ ಯರಗಟ್ಟಿಯ ಪೇಟೆಯಲ್ಲಿ ಇಡೀ ದಿನ ಅಲೆದ. ತೊಲೆಯ ಒಂದೊಂದು ರಂಧ್ರವನ್ನೂ ಭೂತಗನ್ನಡಿ ಹಿಡಿದು ಪರೀಕ್ಷಿಸುತ್ತ ಏಣಿಯ ಮೇಲೆ ನಿಂತಿರುತ್ತಿದ್ದ ಅವನನ್ನು ಕಂಡು, ಕಲ್ಲಿನ ಕೆಲಸಕ್ಕೆ ಕಿತ್ತೂರಿನಿಂದ ಬಂದಿದ್ದ ಗೌಂಡಿ ಮಲಕಾಜಪ್ಪ ತಮಾಷೆ ಮಾಡುತ್ತಿದ್ದ: “ಸಾಹೇಬ್ರ, ತೊಲಿಗೂ ಚಸ್ಮಾ ಹಾಕವ್ರೇನ್ರಿ?”

ಅದೇ ಮಲಕಾಜಪ್ಪ, ವೈಶಾಖದ ಒಂದು ಮಧ್ಯಾಹ್ನ, ವಾಲಿದ ಕಂಬದ ಮುಂದೆ ಅಂಗಳದ ಚಪ್ಪಡಿಯನ್ನು ಹಾರೆಯಿಂದ ತಟ್ಟಿದ. ಒಂದು ಚಪ್ಪಡಿ ಕಲ್ಲಿನಂತೆ ನುಡಿಯಿತು. ಅದರ ಪಕ್ಕದ್ದು ಡೊಳ್ಳಿನಂತೆ ನುಡಿಯಿತು. ಅವನ ಮುಖದ ನಗೆ ಇಳಿಯಿತು.

“ಇದರ ಬುಡಕ ಹಗೇವು ಐತ್ರಿ.”

ಜೋಳವನ್ನು ವರ್ಷಗಟ್ಟಲೆ ಕೆಡದಂತೆ ಇಡಲು ನೆಲದಡಿಯಲ್ಲಿ ತೋಡಿ, ಕಲ್ಲು ಕಟ್ಟಿ, ಮನುಷ್ಯನೊಬ್ಬ ತೂರುವಷ್ಟೇ ಕಿರಿದಾದ ಬಾಯಿಯಿಟ್ಟು ಮುಚ್ಚುವ ಕಣಜ ಅದು. ಸವದತ್ತಿಯ ಪುರೋಹಿತರ ಮಗಳಾದ ಸುಚೇತಾ ಹೆಸರನ್ನು ಕೇಳಿದ್ದಳು. ದಕ್ಷಿಣೆಯ ಅಕ್ಕಿಬೇಳೆಗಳಿಂದ ನಡೆಯುತ್ತಿದ್ದ ತವರಿನಲ್ಲಿ ಅಂಥದೊಂದನ್ನು ಕಂಡವಳಲ್ಲ.

“ಒಳಗಿನ ಕಟ್ಟಡಾ ಕುಸದಿರಬೇಕ್ರಿ. ಕಂಬ ಅದಕ್ಕ ಆ ಕಡೆ ಜಗ್ಗಾಕತ್ತೈತಿ,” ಎಂದ ಮಲಕಾಜಪ್ಪ. “ಇಳದು, ಕಸಾ ತಗದು, ಕಲ್ಲು ಮಣ್ಣು ತುಂಬಿ ಗಟ್ಟಿ ಮಾಡಬೇಕು. ರೋಹಿಣಿ ಮಳಿ ಹಿಡದು ಇದರಾಗ ನೀರ ಹೊಕ್ಕಿತಂದ್ರ ಕಂಬ ಕುಂದರತೈತಿ. ಕಂಬ ಕುಂತ್ರ ಮಾಳಿಗಿ ಕುಂದರತೈತಿ.”

ಆ ಕ್ಷಣದಲ್ಲಿ ಸುಚೇತಾಳಿಗೆ ಸತ್ಯವ್ವನ ನೆನಪಾಯಿತು. ಮನೆಯನ್ನು ಮಾರಿದವಳು ಸತ್ಯವ್ವ. ಮಕ್ಕಳು ಹೊಲದಲ್ಲಿ ಹೊಸ ಮನೆ ಕಟ್ಟಿದ ಮೇಲೆ ಅವಳ ಸಂಸಾರವೆಲ್ಲ ಅಲ್ಲಿಗೆ ಹೋಗಿತ್ತು. ಕೀಲಿಕೈ ಕೊಟ್ಟ ದಿನ ಅವಳು ಹೊಸ್ತಿಲು ದಾಟುವ ಮೊದಲೇ ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಸುಚೇತಾಳೊಬ್ಬಳಿಗೇ ಕೇಳುವಂತೆ ಹೇಳಿದ್ದಳು: “ಬಾಯಾರ, ಅಂಗಳದಾಗಿನ ಹಗೇವು ಯಾವಾಗರ ತಗಿಯೂದಿದ್ರ, ತಗಿಯೂಕಿಂತ ಮದ್ಲ ನನಗೊಂದು ಮಾತ ಹೇಳಿ ಕಳಸ್ರಿ.” ಹೊಸ ಮನೆಯ ಸಡಗರದಲ್ಲಿ ಸುಚೇತಾ ಆಗಲೆಂದು ತಲೆಯಾಡಿಸಿದ್ದಳು, ಏಕೆಂದು ಕೇಳಿರಲಿಲ್ಲ.

ಆ ಸೀಮೆಯ ರೈತಾಪಿ ಮನೆತನಗಳಲ್ಲಿ ಒಂದು ನಡತೆಯುಂಟು. ಮನೆಯನ್ನು ಮಾರಿದ ಹೆಣ್ಣುಮಗಳು, ಕೊಂಡವರು ಉಡಿ ತುಂಬಿ ಒಳಗೆ ಕರೆಯುವವರೆಗೆ, ಆ ಹೊಸ್ತಿಲು ದಾಟುವುದಿಲ್ಲ. ಆ ಮನೆಯ ನೀರು ಕುಡಿಯುವುದಿಲ್ಲ. ಹೊರಗೆ ನಿಂತು ಒಳಗಿನವರಿಗೆ ಮಾತನ್ನೂ ಆಡುವುದಿಲ್ಲ, ಬೇರೆಯವರ ಕೈಯಲ್ಲಿ ಹೇಳಿ ಕಳಿಸುವುದೂ ಇಲ್ಲ. ಹೋದ ಮನೆಯ ಮೇಲೆ ಅವಳ ನಾಲಿಗೆ ಬೀಳಬಾರದೆಂಬುದು ಅದರ ಭಾವ. ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು ಬಿದ್ದ ದಿನ ಅವಳು ಆ ಮನೆಗೆ ತವರುಮಗಳಾಗಿ ಬರುತ್ತಾಳೆ. ಮಲಕಾಜಪ್ಪನೇ ಒಮ್ಮೆ ಕೇಳಿದ್ದ: “ಮನಿ ಕೊಟ್ಟ ಅವ್ವಗ ಉಡಿ ತುಂಬೀರೇನ್ರಿ?” ಸುಚೇತಾ ಆ ಮಾತನ್ನು ಅತ್ತೆಯ ಮುಂದಿಟ್ಟಿದ್ದಳು.

“ತುಂಬೋಣ. ಬ್ಯಾಡ ಅಂದೋರ್ಯಾರು?” ಎಂದಿದ್ದರು ಕಮಲಾಬಾಯಿ. “ಆದ್ರ ಮೊದಲು ದೇವರು, ಆಮ್ಯಾಲ ಮಂದಿ. ಶಾಂತಿ ಆಗೋ ತನಕಾ ಮಡಿ ಅದ. ಶಾಂತಿ ಮುಗಿದ ಮರುದಿನಾ ಕರೆದು ಛಂದಂಗೆ ತುಂಬು.”

ಶಾಂತಿಗೆ ದಿನ ನೋಡಬೇಕಾದವರು ರಘೋತ್ತಮಾಚಾರ್ಯರು. ಅವರು ಮುಕುಂದನಿಗೆ ದೊಡ್ಡಪ್ಪನ ಮಗ, ಬೈಲಹೊಂಗಲದಲ್ಲಿ ವಾಸ, ಜ್ಯೌತಿಷ, ವಾಸ್ತು, ಧರ್ಮಶಾಸ್ತ್ರಗಳನ್ನು ಗುರುಮುಖದಿಂದ ಕಲಿತು ಅವುಗಳಂತೆಯೇ ನಡೆಯುತ್ತಿದ್ದ ಸಾತ್ವಿಕರು. ಈ ಮನೆಯ ದಿಕ್ಕು, ಆಯ, ದ್ವಾರಗಳನ್ನು ಪರಿಶೀಲಿಸಿ ಕೊಳ್ಳಬಹುದೆಂದು ಹೇಳಿದವರೂ ಅವರೇ. ಆದುದರಿಂದ ಕಂಬ ವಾಲಿದ್ದು ತಮ್ಮ ಮಾತೇ ವಾಲಿದಂತೆ ಅವರನ್ನು ಬಾಧಿಸಿತು. ಬಂದವರು ಚಪ್ಪಡಿಯ ಸುತ್ತ ನಡೆದರು, ನೂಲನ್ನು ನೋಡಿದರು, ಪಂಚಾಂಗವನ್ನು ತೆರೆದರು.

“ನಾಡದು ತ್ರಯೋದಶಿ. ಮುಂಜಾನೆ ಒಂದು ಶುದ್ಧ ಲಗ್ನ ಅದ. ಅದು ತಪ್ಪಿದರೆ ಅಮಾವಾಸ್ಯೆ, ಅಮಾವಾಸ್ಯೆ ದಾಟಿದರೆ ಅಧಿಕ ಮಾಸ. ಮುಂದ ತಿಂಗಳ ತನಕಾ ಶುಭಕಾರ್ಯ ಇಲ್ಲ.”

“ಅಷ್ಟರಾಗ ಮಳಿ ಬರತದಲ್ಲೋ ರಘಣ್ಣಾ,” ಎಂದ ಮುಕುಂದ.

“ಅದಕ್ಕೇ ನಾಡದು. ಹಗೇವು ಅಂದ್ರ ಭೂಗರ್ಭ. ಹಾರೆ ಹಾಕಿದವರು ಹೊಕ್ಕು ಕಸಾ ತೆಗೆಯೋ ಮೊದಲು ಯಜಮಾನ ದೀಪ ಹಿಡಿದು ಇಳಿದು, ಭೂದೇವಿಗೆ ಹಾಲು, ಅರಿಶಿನ, ಕುಂಕುಮ ಅರ್ಪಿಸಿ ಕ್ಷಮೆ ಕೇಳಬೇಕು. ಬಾಯಿ ತೆಗೆಯೋದೂ ಇಳಿಯೋದೂ ಒಂದೇ ಮುಹೂರ್ತದೊಳಗ ಆಗಬೇಕು. ತೆರೆದ ಗರ್ಭ ಬರಿದಾಗಿ ಬಿದ್ದಿರಬಾರದು.”

ಮಲಕಾಜಪ್ಪ ತಲೆ ಕೆರೆದುಕೊಂಡ. “ನಮ್ಮ ಕಡೆ ಇವತ್ತ ತಗದ್ರ ನಾಳಿ ಇಳೀತಾರ್ರಿ ಆಚಾರ್ರ.”

“ನಾಳೆ ಅಂಬೋದು ಪಂಚಾಂಗದಾಗ ಇಲ್ಲಪ್ಪಾ.”

“ಹಂಗಾರ ಬಿಡ್ರಿ. ಮಂತ್ರದ ಮುಂದ ನಮ್ಮ ಹಾರಿ ಏನು,” ಎಂದು ಅವನು ನಕ್ಕುಬಿಟ್ಟ. ಆ ನಗು ಸುಚೇತಾಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಏಕೆ ಮರುದಿನ ಇಳಿಯುತ್ತಾರೆಂದು ಕೇಳಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಆಚಾರ್ಯರು ಪೂಜಾದ್ರವ್ಯಗಳನ್ನು ಹೇಳತೊಡಗಿದ್ದರು, ಅತ್ತೆ ಅವಳ ಕಡೆಗೇ ನೋಡುತ್ತಿದ್ದರು. ಆದರೆ ಸಂಜೆ ಗೌಂಡಿ ಹೊರಟಾಗ ಅವಳು ಕಟ್ಟೆಯವರೆಗೆ ಹೋಗಿ ಹೇಳಿದಳು: “ಹೊಲದ ಹಾದಿಯಾಗ ಹೋಗ್ತೀರಲ್ಲ, ಸತ್ಯವ್ವಗ ಒಂದು ಮಾತು ಮುಟ್ಟಿಸ್ರಿ. ನಾಡದು ಹಗೇವು ತೆಗೀತಾರ ಅಂತ.”

ತ್ರಯೋದಶಿಯ ಮುಂಜಾನೆ ಗಾಳಿಯೇ ಇರಲಿಲ್ಲ. ಪಶ್ಚಿಮದಲ್ಲಿ ಮೋಡ ಕವಿದಿತ್ತು. ಅರಿಶಿನದ ಕೊಂಬಿನ ಸಂದಿನಲ್ಲಿ ಈಗ ಬೆರಳು ಸಡಿಲವಾಗಿಯೇ ಆಡುತ್ತಿತ್ತು.

ಮುಕುಂದ ಮಿಂದು, ಒದ್ದೆಯ ಪಂಚೆಯುಟ್ಟು, ದ್ವಾದಶ ನಾಮಗಳನ್ನು ಹಚ್ಚಿಕೊಂಡು ನಿಂತಾಗ ಮದುವೆಯ ದಿನದ ಅವನ ಮುಖವೇ ಸುಚೇತಾಳಿಗೆ ಕಂಡಿತು. ಅಂಥ ಸಂತೋಷವನ್ನು ಕಂಡಾಗ ಅಂಜಿಕೆ ಹೆಚ್ಚುವುದೇ ಹೊರತು ಕಡಿಮೆಯಾಗದು. ಮಡಿಯ ಕಾರಣದಿಂದ ಊರವರು ಯಾರೂ ಒಳಗೆ ಬಂದಿರಲಿಲ್ಲ. ಮುಂಬಾಗಿಲು ಮಾತ್ರ ತೆರೆದಿತ್ತು. ಅದರ ನೇರಕ್ಕೆ, ಓಣಿಯಾಚೆಯ ಕಟ್ಟೆಯ ಮೇಲೆ, ಹಸಿರು ಇಳಕಲ್ ಸೀರೆಯ ಸೆರಗನ್ನು ತಲೆ ತುಂಬ ಹೊದ್ದು ಸತ್ಯವ್ವ ಕುಳಿತಿದ್ದಳು. ಯಾವಾಗ ಬಂದಳೋ ತಿಳಿಯದು. ಅವಳು ಸುಚೇತಾಳನ್ನು ನೋಡಿದಳು. ಸುಚೇತಾ ಅವಳನ್ನು ನೋಡಿದಳು.

ಆಚಾರ್ಯರು ಸಂಕಲ್ಪ ಹೇಳಿಸಿದರು. ಮಲಕಾಜಪ್ಪ ಹಾರೆ ಮೀಟಿ ಬಾಯಿಗಲ್ಲನ್ನು ಸರಿಸಿದ. ಕೆಳಗಿನಿಂದ ಹುಳಿತ ಜೋಳದ ಒಂದು ಮಂದವಾದ ವಾಸನೆ ಎದ್ದು, ಮೇಲೇಳಲಾರದೆ ಅಲ್ಲಿಯೇ ನಿಂತಂತಾಯಿತು. ಕತ್ತಲೆ ಎಷ್ಟು ದಟ್ಟವಾಗಿತ್ತೆಂದರೆ ಅಂಗಳಕ್ಕೆ ಇಳಿದ ಬಿಸಿಲು ಅದರ ಬಾಯಿಯಲ್ಲಿ ತುಂಡಾಗಿ ಬಿದ್ದಿತ್ತು.

ಹಿತ್ತಾಳೆಯ ತೂಗುದೀಪಕ್ಕೆ ಎಳ್ಳೆಣ್ಣೆ ಹಾಕಿ ಹೊತ್ತಿಸಿದರು. ಮುಕುಂದ ಸರಪಳಿಗೆ ಹಗ್ಗ ಕಟ್ಟಿ ಮೆಲ್ಲನೆ ಇಳಿಬಿಟ್ಟ. ದೀಪ ಕತ್ತಲೆಯೊಳಗೆ ಒಂದು ಚಿಕ್ಕ ಹೊಂಬಣ್ಣದ ಕೋಣೆಯನ್ನು ತೆರೆಯುತ್ತ ಇಳಿಯಿತು. ಕಲ್ಲಿನ ವರಸೆಗಳು ಕಂಡವು. ಒಂದು ಕಡೆ ಉಬ್ಬಿದ ಗೋಡೆ ಕಂಡಿತು. ಅಲ್ಲಿಂದ ಕೆಳಗೆ ಕುಡಿ ಸಣ್ಣದಾಯಿತು, ನೀಲಿಯಾಯಿತು, ಆರಿತು.

ಮೇಲಕ್ಕೆಳೆದಾಗ ಎಣ್ಣೆ ತುಂಬಿಯೇ ಇತ್ತು. ಬತ್ತಿಯ ತುದಿಯಲ್ಲಿ ಕೆಂಪು ಕಿಡಿಯೂ ಉಳಿದಿರಲಿಲ್ಲ.

“ಗಾಳಿ ಇಲ್ಲ, ಮಳಿ ಇಲ್ಲ. ದೀಪ ಆರಿತು,” ಎಂದರು ಕಮಲಾಬಾಯಿ. “ರಘು, ಈ ಮನಿ ನಮ್ಮನ್ನ ಬ್ಯಾಡ ಅನ್ನಲಿಕ್ಹತ್ತದ.”

“ಕಾಕೂ, ದುಡುಕಬ್ಯಾಡ್ರಿ.” ಆಚಾರ್ಯರ ಹಣೆಯಲ್ಲಿ ಬೆವರಿತ್ತು. ವರಾಹಮಂತ್ರವನ್ನು ಜಪಿಸಿ, ಎಣ್ಣೆಯನ್ನು ಚೆಲ್ಲಿ ಆಕಳ ತುಪ್ಪ ತುಂಬಿಸಿ, ಹೊಸ ಬತ್ತಿ ಹಾಕಿ, ತಾವೇ ಹಗ್ಗ ಹಿಡಿದು ಇಳಿಬಿಟ್ಟರು. ಉಬ್ಬಿದ ಗೋಡೆಯ ಆ ಮಟ್ಟಕ್ಕೇ ಬಂದು ದೀಪ ಮತ್ತೆ ಆರಿತು. ಯಾರೋ ಕೆಳಗೆ ನಿಂತು ಅಂಗೈಯಿಂದ ಮುಚ್ಚಿದಂತೆ.

ಕಮಲಾಬಾಯಿ ಎದ್ದರು. ಅಡುಗೆಮನೆಯ ಕಡೆಗೆ, ಸಂಪುಟವಿದ್ದ ಮೂಲೆಯ ಕಡೆಗೆ ಅವರ ಹೆಜ್ಜೆ ತಿರುಗಿದ್ದನ್ನು ಮುಕುಂದ ಕಂಡ.

“ಅವ್ವಾ, ನಿಲ್ಲು. ಹಗ್ಗದ ದೀಪ ಅಳ್ಳಾಡ್ತದ, ಅದಕ್ಕ ಆರ್ತದ. ನಾ ಇಳಿದು ಕೆಳಗೇ ಹಚ್ಚತೀನಿ. ನೆಲಕ್ಕ ಇಟ್ಟ ದೀಪ ಹ್ಯಾಂಗ ಆರ್ತದ ನೋಡೇ ಬಿಡೋಣ.” ಅವನು ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡ, ಕಡ್ಡಿಪೆಟ್ಟಿಗೆಯನ್ನು ಮಡಿಲಲ್ಲಿ ಸಿಕ್ಕಿಸಿದ.

“ಆಗಬಹುದು. ಯಜಮಾನನ ಕೈಯಿಂದಲೇ ಹತ್ತಲಿ,” ಎಂದರು ಆಚಾರ್ಯರು. “ಲಗ್ನ ಕಳೀಲಿಕ್ಕೆ ಬಂತು, ಲಗೂ ಮಾಡು.”

ಸುಚೇತಾ ಭೂದೇವಿಗೆಂದು ಸಿದ್ಧಪಡಿಸಿದ್ದ ತಟ್ಟೆಯನ್ನು ಹಿಡಿದು ನಿಂತಿದ್ದಳು. ಅದರಲ್ಲಿ ಅಕ್ಕಿ, ಕೊಬ್ಬರಿಬಟ್ಟಲು, ಅರಿಶಿನದ ಕೊಂಬು, ಕುಂಕುಮ, ಕುಪ್ಪಸದ ಹಸಿರು ಕಣ. ಅವಳ ದೃಷ್ಟಿ ತೆರೆದ ಬಾಗಿಲಿಗೆ ಹೋಯಿತು. ಸತ್ಯವ್ವ ಕಟ್ಟೆಯಿಂದ ಎದ್ದು ಓಣಿಯ ನಡುವೆ ನಿಂತಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ತಲೆಯನ್ನು ಇಲ್ಲ, ಇಲ್ಲವೆಂದು ಅಲ್ಲಾಡಿಸುತ್ತಿದ್ದಳು. ಅವಳ ಒಂದು ಪಾದ ಹೊಸ್ತಿಲ ಕಡೆಗೆ ಬಂದು, ಹಿಂದಕ್ಕೆ ಹೋಗಿ, ಮತ್ತೆ ಬರುತ್ತಿತ್ತು. ಕರೆಯದ ಮನೆಗೆ ಕೂಗಲಾರಳು. ಕೂಗದೆ ಇರಲೂ ಆರಳು.

ಸುಚೇತಾಳಿಗೆ ಏನೂ ತಿಳಿದಿರಲಿಲ್ಲ. ತಿಳಿದವಳು ಯಾರೆಂದು ಮಾತ್ರ ತಿಳಿಯಿತು. ಅವಳು ತಟ್ಟೆಯೊಡನೆ ಹೊರಗೆ ಓಡಿದಳು.

“ಸುಚೇತಾ! ಮಡಿ!” ಎಂದು ಹಿಂದಿನಿಂದ ಅತ್ತೆ ಕೂಗಿದರು. “ಅದು ಭೂದೇವೀದು!”

ಓಣಿಯ ಧೂಳಿನಲ್ಲಿ, ನಾಲ್ಕು ಮನೆಯವರು ನೋಡುತ್ತಿರಲು, ಅವಳು ಸತ್ಯವ್ವನ ಹಣೆಗೆ ಕುಂಕುಮ ಒತ್ತಿದಳು. ತಟ್ಟೆಯಲ್ಲಿದ್ದುದನ್ನೆಲ್ಲ ಅವಳ ಉಡಿಗೆ ಸುರಿದಳು. ಅವಸರಕ್ಕೆ ಅರ್ಧ ಅಕ್ಕಿ ನೆಲಕ್ಕೆ ಚೆಲ್ಲಿತು. “ಒಳಗ ಬರ್ರಿ ಯವ್ವಾ. ನಿಮ್ಮ ಮನಿ ಇದು. ಮಾತಾಡ್ರಿ.”

ಸತ್ಯವ್ವ ಹೊಸ್ತಿಲನ್ನು ಮುಟ್ಟಲೂ ನಿಲ್ಲಲಿಲ್ಲ. ಉಡಿಯನ್ನು ಒಂದು ಕೈಯಿಂದ ಬಿಗಿಹಿಡಿದು ಪಡಸಾಲೆ ದಾಟಿ ಅಂಗಳಕ್ಕೆ ಬಂದಳು. ಮುಕುಂದ ಆಗಲೇ ಒಂದು ಕಾಲನ್ನು ಹಗೇವಿನ ಬಾಯಿಯೊಳಗೆ ಇಳಿಸಿದ್ದ. ಅವಳು ಅವನ ಒದ್ದೆ ರಟ್ಟೆಯನ್ನು ಹಿಡಿದು, ಎಳೆಗರುವನ್ನು ಬಾವಿಯ ಕಟ್ಟೆಯಿಂದ ಎಳೆಯುವಂತೆ ಎಳೆದಳು. ಅವನು ಚಪ್ಪಡಿಯ ಮೇಲೆ ಕುಸಿದು ಕುಳಿತ.

“ಮುಟ್ಟಿಬಿಟ್ಟೆಲ್ಲವಾ!” ಎಂದರು ಆಚಾರ್ಯರು ದಿಗ್ಭ್ರಾಂತರಾಗಿ.

“ಮುಟ್ಟಿದೆರೀ ಆಚಾರ್ರ. ಮಡಿ ಹೋದ್ರ ಜಳಕಾ ಮಾಡಾಕ ಬರತೈತಿ. ಜೀವ ಹೋದ್ರ ಯಾವ ಹೊಳ್ಯಾಗ ಮುಳುಗಿದ್ರ ಬರತೈತ್ರಿ?” ಅವಳು ಏದುಸಿರು ಬಿಡುತ್ತಿದ್ದಳು. “ದೀಪ ನಿಲ್ಲದಲ್ಲಿ ಮನಶ್ಯಾ ನಿಲ್ಲಬಾರದ್ರಿ. ಒಳಗ ಉಸರ ಇಲ್ಲ. ಕಾಳು ಕೊಳತ ಹಗೇವು ಇದ್ದ ಉಸರೆಲ್ಲಾ ತಿಂದ ಕುಂತಿರತೈತಿ. ದೀಪ ಅದನ್ನ ಹೇಳಾಕತ್ತೈತಿ. ನೀವು ಮತ್ತ ಮತ್ತ ಹಚ್ಚಾಕತ್ತೀರಿ!”

ಬಳಿಕ ಅವಳು ಅಲ್ಲಿಯೇ, ಬಾಯಿಗಲ್ಲಿನ ಪಕ್ಕದಲ್ಲಿ, ಕುಳಿತುಬಿಟ್ಟಳು.

“ಪರಶು ಅಂತ ನನ್ನ ಮೈದುನಾ. ನಾ ಈ ಮನಿಗೆ ಸೊಸಿ ಆಗಿ ಬಂದಾಗ ನನ್ನ ಸೀರಿ ಚುಂಗ ಹಿಡಕೊಂಡ ಅಡ್ಡಾಡತಿದ್ದ ಹುಡುಗ. ದೊಡ್ಡಾಂವ ಆಗಿ, ಮದಿವಿ ನಿಶ್ಚೇ ಆಗಿತ್ತು. ಬೀಗರು ಬರೂ ದಿನಾ ಕಾಳ ಬೇಕಂತ ಅವಸರ ಮಾಡಿ, ಕಲ್ಲ ಸರಿಸಿದಾಂವನ ಇಳದಾ. ಮ್ಯಾಲ ಬರಲಿಲ್ಲ. ನಮ್ಮ ಮಾಲಕರು, ಅವನ ಅಣ್ಣ, ಹಗ್ಗ ಹಾಕಿ ಹೆಣಾ ತಗದ್ರು. ಇದ್ದ ಕಾಳ ಅಲ್ಲೇ ಬಿಟ್ಟು ಬಾಯಿ ಮುಚ್ಚಿದ್ರು. ಆಮ್ಯಾಲ ಈ ಮನ್ಯಾಗ ಅದರ ಹೆಸರ ತಗಿಲಿಲ್ಲ ಯಾರೂ.” ಸೆರಗಿನಿಂದ ಮುಖ ಒರೆಸಿಕೊಂಡಳು. “ಮಾರೂ ಮುಂದ ಹೇಳಬೇಕಿತ್ತು. ಹೇಳಿದ್ರ ಕೊಳ್ಳೂದಿಲ್ಲ ಅಂತ ಅಂಜಿದೆ. ಉಡಿ ತುಂಬಿ ಕರೀತೀರಲ್ಲ, ಅವತ್ತ ಹೇಳಿದ್ರಾತು ಅಂತ ದಾರಿ ಕಾಯಕೋತ ಕುಂತೆ.”

ಮುಕುಂದ ತನ್ನ ಮಡಿಲಿನ ಕಡ್ಡಿಪೆಟ್ಟಿಗೆಯನ್ನು ತೆಗೆದು ನೋಡಿದ. ಅದನ್ನು ನೆಲದ ಮೇಲಿಟ್ಟ. ಸುಚೇತಾ ಅವನ ಸೊಂಟದ ಹಗ್ಗವನ್ನು ಬಿಚ್ಚಲು ಹೋದಳು; ಗಂಟು ಬಿಚ್ಚಿಕೊಳ್ಳಲೇ ಇಲ್ಲ; ಹಾಗೆಯೇ ಅದನ್ನು ಹಿಡಿದು ಕುಳಿತಳು. ಲಗ್ನ ಕಳೆದುಹೋಯಿತು. ಆಚಾರ್ಯರು ಪಂಚಾಂಗವನ್ನು ಮಡಚಿಟ್ಟರು.

ಎಲ್ಲರೂ ಕಮಲಾಬಾಯಿಯ ಕಡೆಗೆ ನೋಡಿದರು. ದೀಪ ಎರಡು ಸಲ ಆರಿತ್ತು, ಮಡಿ ಕೆಟ್ಟಿತ್ತು, ದೇವಿಯ ಉಡಿ ಓಣಿಯಲ್ಲಿ ಚೆಲ್ಲಿತ್ತು, ಅಪಮೃತ್ಯುವಿನ ಸುದ್ದಿ ಅಂಗಳದಲ್ಲಿ ಕುಳಿತಿತ್ತು. ಪೆಟ್ಟಿಗೆ ಎತ್ತಿಕೊಂಡು ಹೊರಡಲು ಇನ್ನೇನು ಬೇಕಿತ್ತು? ಆಕೆ ಬಹಳ ಹೊತ್ತು ಮಗನ ಒದ್ದೆ ರಟ್ಟೆಯನ್ನೇ, ಅದರ ಮೇಲೆ ಮೂಡಿದ್ದ ಐದು ಬೆರಳುಗಳ ಕೆಂಪು ಗುರುತನ್ನೇ ನೋಡಿದರು.

“ಸುಚೇತಾ, ಆಕಿಗೆ ನೀರು ಕೊಡು,” ಎಂದರು ಕೊನೆಗೆ. “ಈ ಮನಿ ನೀರು ಕುಡಿದಿಲ್ಲ ಆಕಿ.”

ಆ ದಿನವೆಲ್ಲ ಹಗೇವಿನ ಬಾಯಿ ತೆರೆದೇ ಇತ್ತು. ಮಲಕಾಜಪ್ಪ ಬೇವಿನ ಟೊಂಗೆಗಳ ಕಟ್ಟನ್ನು ಹಗ್ಗಕ್ಕೆ ಬಿಗಿದು ಒಳಗೆ ಇಳಿಸಿ ಎತ್ತಿ ಇಳಿಸಿ ಎತ್ತಿ ಗಾಳಿಯನ್ನು ಕಲಕಿದ. “ನಾನೂ ಬಾಯಿ ಮುಚಗೊಂಡ ನಿಂತೆನಲ್ರಿ, ಮಂತ್ರಕ್ಕ ಎಲ್ಲಾ ದಾರಿ ಬಿಡತೈತಿ ಅಂತ,” ಎಂದು ಅವನು ಯಾರನ್ನೂ ನೋಡದೆ ಹೇಳಿಕೊಂಡ. ಸಂಜೆ ಗುಡುಗಿತು. ನಾಲ್ಕು ಹನಿ ಬಿದ್ದಾಗ ಸುಚೇತಾ ಮಾಳಿಗೆಯ ಮೇಲಿದ್ದ ತಾಡಪತ್ರಿಯನ್ನು ಎಳೆದು ತಂದು ಬಾಯಿಯ ಸುತ್ತ ಒಡ್ಡು ಕಟ್ಟಿದಳು. ಮುಚ್ಚಿದರೆ ಉಸಿರು ಕಟ್ಟುವುದು. ತೆರೆದರೆ ನೀರು ಹೊಗುವುದು. ಕಂಬದ ಬಳಿ ಹೋಗಿ ಅರಿಶಿನದ ಕೊಂಬನ್ನು ನೋಡುವ ಧೈರ್ಯ ಅವಳಿಗೆ ಬರಲಿಲ್ಲ.

ರಘೋತ್ತಮಾಚಾರ್ಯರು ಬೈಲಹೊಂಗಲಕ್ಕೆ ಮರಳದೆ ಪಡಸಾಲೆಯಲ್ಲೇ ಕುಳಿತಿದ್ದರು. ಊಟಕ್ಕೆ ಏಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ತಮ್ಮನನ್ನು ಕರೆದರು.

“ಮುಕುಂದಾ, ಹೊಸ ಮನಿಗೆ ಮಾಸ ನೋಡಬೇಕು, ತಿಥಿ ನೋಡಬೇಕು. ಜೀರ್ಣವಾದ ಮನಿ ಉದ್ಧಾರ ಮಾಡೋವಾಗ ಆ ನಿರ್ಬಂಧ ಇಲ್ಲ. ಬೀಳೋ ಗ್ವಾಡಿ ಮುಹೂರ್ತಾ ಕೇಳಿ ಬೀಳೋದಿಲ್ಲ. ಅದನ್ನ ಎತ್ತಿಹಿಡಿಯೋದಕ್ಕೂ ಮುಹೂರ್ತ ಬೇಕಿಲ್ಲ. ಇದು ನಾ ಓದಿದ್ದೇ; ಮೊನ್ನೆ ನೆನಪಾಗಲಿಲ್ಲ, ಇವತ್ತು ಆಯ್ತು. ನಿನ್ನನ್ನ ನಾನೇ ಇಳಿಸಲಿಕ್ಕೆ ಹೊಂಟಿದ್ದೆ.”

“ಇಳಿಯಲಿಕ್ಕೆ ಹೊಂಟಾಂವ ನಾನು, ರಘಣ್ಣಾ.”

“ನಾಳೆ ದೀಪ ಯಾವಾಗ ನಿಲ್ತದೋ ಅದೇ ಲಗ್ನ,” ಎಂದರು ಆಚಾರ್ಯರು. “ಆ ಹುಡುಗ ಪರಶುಗ ಹೊಳಿ ದಂಡಿಮ್ಯಾಲ ತಿಲೋದಕಾ ಬಿಡಿಸ್ತೀನಿ. ಅದಕ್ಕ ಅಮಾವಾಸ್ಯೆ ಬಂದೇ ಬರತದ.”

ಮರುದಿನ ಹೊತ್ತೇರಿದ ಮೇಲೆ ಸತ್ಯವ್ವ ಬಂದಳು. ಈ ಸಲ ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದಳು. ಆಚಾರ್ಯರು ತೂಗುದೀಪವನ್ನು ಅವಳ ಕೈಗೆ ಕೊಟ್ಟರು. ಕಮಲಾಬಾಯಿ ಆಚೆಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದರು. ದೀಪ ಇಳಿಯಿತು. ಉಬ್ಬಿದ ಗೋಡೆಯ ಮಟ್ಟಕ್ಕೆ ಬಂದಾಗ ಕುಡಿ ಬಾಗಿತು. ಕುಡಿ ಮತ್ತೆ ನೆಟ್ಟಗಾಯಿತು, ಇನ್ನೂ ಇಳಿಯಿತು, ಕೊಳೆತ ಜೋಳದ ಕಪ್ಪು ರಾಶಿಯ ಮೇಲೆ ನಿಂತು ಉರಿಯಿತು. ಸತ್ಯವ್ವ ಹಗ್ಗವನ್ನು ಎಳೆಯಲಿಲ್ಲ. ಎಲ್ಲರೂ ಕಾದರು. ಅದು ಉರಿಯುತ್ತಲೇ ಇತ್ತು.

“ಈಗ ಇಳೀರಿ,” ಎಂದಳು.

ಮುಕುಂದ ಇಳಿದ. ಹಗ್ಗದ ಒಂದು ತುದಿ ಮಲಕಾಜಪ್ಪನ ಕೈಯಲ್ಲಿ, ಅವನ ಹಿಂದೆ ಸುಚೇತಾಳ ಕೈಯಲ್ಲಿ. ಅವಳು ನಿಮಿಷಕ್ಕೊಮ್ಮೆ ಕರೆಯುತ್ತಿದ್ದಳು: “ಅದೀರಾ?” ಕೆಳಗಿನಿಂದ ಮಡಕೆಯೊಳಗಿನ ಧ್ವನಿಯಂತೆ ಉತ್ತರ ಬರುತ್ತಿತ್ತು: “ಅದೀನಿ.” ಒಂದು ಸಲ ಉತ್ತರ ತಡವಾಯಿತು. ಅವಳು ಹಗ್ಗವನ್ನು ಜಗ್ಗಿಯೇಬಿಟ್ಟಳು. “ಅದೀನಿ ಮಾರಾಯ್ತಿ! ಅರಿಶಿನ ಏರಸಲಿಕ್ಹತ್ತೀನಿ, ಜಗ್ಗಬ್ಯಾಡ!” ಎಂಬ ಕೂಗು ಕೇಳಿ ಮಲಕಾಜಪ್ಪ ನಕ್ಕ, ಅವಳಿಗೆ ಅಳು ಬಂತು.

ಅವನು ಮೇಲೆ ಬಂದಾಗ ಮುಖವೆಲ್ಲ ಕರಿ ಧೂಳು. ಕಂಬದ ಕಡೆಯ ಗೋಡೆ ಉಬ್ಬಿದೆ, ಆದರೆ ಬುಡಗಲ್ಲು ಇನ್ನೂ ಹಿಡಿದಿದೆ ಎಂದ. “ಹಂಗಾರ ಇವತ್ತ ತುಂಬಾಕ ಹಿಡಿಯೂಣು,” ಎಂದು ಮಲಕಾಜಪ್ಪ ಎದ್ದ. ಮುಕುಂದ ಮುಷ್ಟಿಯಲ್ಲಿ ತಂದಿದ್ದ ಕಪ್ಪಾದ ಜೋಳವನ್ನು ಸತ್ಯವ್ವನ ಮುಂದೆ ಹಿಡಿದ. ಅವಳು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಅಮಾವಾಸ್ಯೆಯ ದಿನ ಮಲಪ್ರಭೆಯಲ್ಲಿ ಎಳ್ಳುನೀರಿನೊಡನೆ ಅದನ್ನೂ ಬಿಟ್ಟರು.

ಹಗೇವು ತುಂಬಿ, ಕಂಬಕ್ಕೆ ಊರುಗಲ್ಲು ಕೊಟ್ಟು ಮುಗಿಸುವಷ್ಟರಲ್ಲಿ ರೋಹಿಣಿ ಮಳೆ ಹಿಡಿಯಿತು. ಮೊದಲ ರಭಸಕ್ಕೆ ಅಡುಗೆಮನೆಯ ಮಾಳಿಗೆ ಒಂದು ಕಡೆ ಸೋರಿತು. ಸುಚೇತಾ ಎದ್ದು ಬೋಗುಣಿ ಇಡಲು ಹೋದಾಗ ಸಂಪುಟವಿದ್ದ ಮೂಲೆಯಲ್ಲಿ ಬರಿಯ ಮಣೆ ಮಾತ್ರ ಕಂಡಿತು. ಪಡಸಾಲೆಗೆ ಓಡಿ ಬಂದರೆ, ದೇವರ ಮನೆಯಲ್ಲಿ ಬೆಳಕಿತ್ತು. ಕಮಲಾಬಾಯಿ ಒಳಗೆ ಕುಳಿತು ಬತ್ತಿ ಹೊಸೆಯುತ್ತಿದ್ದರು.

“ಅಲ್ಲಿ ಸೋರಲಿಕ್ಹತ್ತಿತ್ತು,” ಎಂದರು ತಲೆಯೆತ್ತದೆ. “ದೇವರು ನೆನೀಬಾರದಲ್ಲ.”

ಸುಚೇತಾ ಕಂಬದ ಬಳಿ ಬಂದು, ಕತ್ತಲೆಯಲ್ಲಿಯೇ, ನೂಲಿನ ತುದಿಯ ಕೊಂಬಿಗೂ ಬುಡಗಲ್ಲಿಗೂ ನಡುವೆ ಬೆರಳಿಟ್ಟಳು. ಸಂದು ಹಿಂದಿನಷ್ಟೇ ಇತ್ತು, ಹೆಚ್ಚಿರಲಿಲ್ಲ. ಅವಳು ನೂಲನ್ನು ಬಿಚ್ಚದೆ ಹಾಗೆಯೇ ಬಿಟ್ಟಳು.

ಈ ಕಥೆಯನ್ನು ಓದಿದವರ, ಕೇಳಿದವರ ನೆಲ ಗಟ್ಟಿಯಾಗಿರಲಿ, ಮಾಳಿಗೆ ಸೋರದಿರಲಿ, ಇಳಿಬಿಟ್ಟ ದೀಪ ನಿಲ್ಲಲಿ. ಹೊಸ್ತಿಲಾಚೆ ಮಾತು ತಡೆದು ನಿಂತವರನ್ನು ಹೊತ್ತು ಮೀರುವ ಮೊದಲೇ ಒಳಗೆ ಕರೆಯುವ ಮನಸ್ಸು ಎಲ್ಲರಿಗೂ ಒದಗಲಿ. ಭೂಮಿಯನ್ನು ಎತ್ತಿದವನು ಅದರ ಮೇಲಿನ ಮನೆಗಳನ್ನೂ ಎತ್ತಿ ಹಿಡಿಯಲಿ. ಸರ್ವರಿಗೂ ಮಂಗಳವಾಗಲಿ.